ಮದುಮಗನ ಕೈಗೆ ಹಾರಿದ ಮಿಂಚುಳ್ಳಿ

ನನಗೆ ವಾಚಿನ ಹುಚ್ಚಿದೆ, ಸಮಯದ ಹುಚ್ಚಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು, ಯಾಕೆಂದರೆ ಲಿಂಗಸುಗೂರಿನ ಕಾಲೇಜಿನಲ್ಲಿ ಇತಿಹಾಸ ಹೇಳುವ ನಾನು ಒಂದು ದಿನವಾದರೂ ಹೊತ್ತಿಗೆ ಸರಿಯಾಗಿ ತರಗತಿಗೆ ಹೋದದ್ದನ್ನು ಕಂಡವರಿಲ್ಲ. ಅಂಥವನ ಬೀರುವಿನಲ್ಲಿ, ಹೆಂಡತಿಯ ರೇಷ್ಮೆ ಸೀರೆಗಳ ಹಿಂದೆ, ಮೆತ್ತನೆಯ ಡಬ್ಬಿಯೊಳಗೆ ಒಂದು ವಾಚು ಮಲಗಿತ್ತು. ಹೆಸರಾಂತ ಕಲಾವಿದರೊಬ್ಬರು ವಿನ್ಯಾಸ ಮಾಡಿದ್ದು, ಬೆರಳೆಣಿಕೆಯಷ್ಟೇ ತಯಾರಾದದ್ದು. ಅದರ ಬೆಲೆ ಇಲ್ಲಿ ಬರೆಯುವುದಿಲ್ಲ. ಇದನ್ನು ನನ್ನ ಹೆಂಡತಿಯೂ ಓದುತ್ತಾಳೆ.

ಅದರ ಡಯಲ್ ಮೇಲೆ ಮೀನಾಕಾರಿ ಕೆಲಸದ ಒಂದು ಮಿಂಚುಳ್ಳಿ. ಮೀನಾಕಾರಿ ಎಂದರೆ ಬಣ್ಣ ಬಳಿಯುವುದಲ್ಲ. ಬಣ್ಣದ ಗಾಜನ್ನು ನುಣ್ಣಗೆ ಅರೆದು, ಲೋಹದ ಮೇಲೆ ಹರವಿ, ಕುಲುಮೆಯಲ್ಲಿ ಕರಗಿಸಿ, ಆರಿಸಿ, ಮತ್ತೆ ಹರವಿ, ಮತ್ತೆ ಸುಡುವುದು. ಒಂದು ಹಂತದಲ್ಲಿ ಕಾವು ಹೆಚ್ಚಾದರೂ ಹಕ್ಕಿ ಬಿರುಕು ಬಿಡುತ್ತದೆ. ಇಷ್ಟೆಲ್ಲ ಬೆಂಕಿ ಉಂಡು ಬಂದ ಹಕ್ಕಿಗೆ ಜಾಗ ಬಿಡಬೇಕೆಂದು ಕಲಾವಿದರು ಅಂಕಿಗಳನ್ನೇ ತೆಗೆದುಹಾಕಿದ್ದರು. ಮನೆಗೆ ಬಂದವರಿಗೆಲ್ಲ ನಾನು ಇದನ್ನು ವಿವರಿಸುತ್ತಿದ್ದೆ. ಬರುವವರು ಕಡಿಮೆಯಾಗಲು ಅದೇ ಕಾರಣವೆಂದು ಹೆಂಡತಿ ಗಿರಿಜಾಳ ಅಭಿಪ್ರಾಯ.

ಇಂಥ ವಾಚನ್ನು ಕಟ್ಟಬಾರದು. ಕಟ್ಟದೆ ಇಟ್ಟಷ್ಟೂ ಅದಕ್ಕೆ ಕಿಮ್ಮತ್ತು. ಗೊತ್ತಿದ್ದೂ ನಾನು ಒಂದು ದಿನ ಕಟ್ಟಿದೆ. ಗಿರಿಜಾಳ ಅಣ್ಣ ವಿರೂಪಾಕ್ಷಿಯ ಮಗಳು ಸವಿತಾಳ ಮದುವೆ ಸಿಂಧನೂರಿನ ಕಲ್ಯಾಣ ಮಂಟಪದಲ್ಲಿತ್ತು. ಅಷ್ಟೊಂದು ಜನ ಒಂದೇ ಕಡೆ ಸಿಗುವಾಗ ಬೀರುವಿನಲ್ಲಿಟ್ಟು ಏನು ಬಂತು ಅನ್ನಿಸಿತು. ಮುಂಜಾನೆಯಿಂದ ತೋಳು ಮಡಚಿದೆ, ಕಂಬಕ್ಕೆ ಕೈ ಆನಿಸಿ ನಿಂತೆ, ಕೂದಲಿಲ್ಲದ ತಲೆಯನ್ನು ಎಡಗೈಯಿಂದ ಬಾಚಿಕೊಂಡೆ. ಒಬ್ಬನೂ ನೋಡಲಿಲ್ಲ. ಉಪ್ಪಿಟ್ಟು ಬಡಿಸುವವನು ಮಾತ್ರ "ಕೈ ಸರಸ್ರಿ" ಅಂದ.

ನಮ್ಮ ಕಡೆ ಹೆಣ್ಣಿನವರು ಮದುಮಗನಿಗೆ ಉಂಗುರ ಹಾಕಿ, ಕೈಗೆ ವಾಚು ಕಟ್ಟುವುದು ಪದ್ಧತಿ. ಯಾರ ಮನೆಯ ಹಳೆಯ ಮದುವೆ ಫೋಟೊ ಬೇಕಾದರೂ ನೋಡಿ. ಮದುಮಗನ ಎಡಗೈ ಮೊಣಕಾಲ ಮೇಲಿರುತ್ತದೆ, ತೋಳು ಒಂದಿಷ್ಟು ಮೇಲೆ ಸರಿದಿರುತ್ತದೆ, ಅವನು ಎತ್ತಲೋ ನೋಡುತ್ತಿದ್ದರೂ ವಾಚು ನೇರ ಕ್ಯಾಮೆರಾವನ್ನೇ ನೋಡುತ್ತಿರುತ್ತದೆ. ಎಲ್ಲರ ಜೇಬಿನಲ್ಲೂ ಮೊಬೈಲು ಬಂದಮೇಲೆ ವಾಚಿಗೆ ಕೆಲಸ ಹೋಯಿತು, ಈ ಮಾನ ಮಾತ್ರ ಹೋಗಲಿಲ್ಲ.

ಉಂಗುರವಾಯಿತು. ವಾಚು ಎಂದಾಗ ವಿರೂಪಾಕ್ಷಿ ಜೇಬು ತಡವಿದ, ಚೀಲ ತಡವಿದ, ಕಡೆಗೆ ಹೆಂಡತಿಯ ಮುಖ ನೋಡಿದ. ಅಳಿಯನಿಗೆಂದು ತಂದ ವಾಚಿನ ಡಬ್ಬಿ ಮಸ್ಕಿಯಲ್ಲಿ, ಅವನ ಮನೆಯ ದೇವರ ಮುಂದೆಯೇ ಉಳಿದಿತ್ತು. ಹೋಗಿ ತರುವಷ್ಟರಲ್ಲಿ ಮುಹೂರ್ತ ಮೀರುತ್ತಿತ್ತು. ಗಂಡಿನ ಕಡೆಯ ಹಿರಿಯರೊಬ್ಬರು ಎಲ್ಲರಿಗೂ ಕೇಳುವಂತೆ, "ಏನ್ರೀ ಬೀಗರ, ವಾಚ್ ಮರತೀರೋ, ಅಳಿಯನ್ನ ಮರತೀರೋ?" ಅಂದರು. ವಿರೂಪಾಕ್ಷಿ ತಲೆ ತಗ್ಗಿಸಿ ನಿಂತ.

ಆಗ ನನ್ನ ವಾಚನ್ನು ಒಬ್ಬರು ಗಮನಿಸಿದರು. ಗಿರಿಜಾಳ ದೊಡ್ಡಪ್ಪ.

"ಅಳಿಯಂದ್ರ, ಮುಂಜಾನಿಂದ ಕೈ ಎತ್ತಿ ಎತ್ತಿ ತೋರಸಾಕತ್ತೀರಿ. ಈಗ ಉಪಯೋಗಕ್ಕ ಬಂತು. ಬಿಚ್ರಿ."

"ದೊಡ್ಡಪ್ಪಾರ, ಇದು ಕಟ್ಟೋ ವಾಚ್ ಅಲ್ರೀ."

"ಮತ್ತ ನೀವ್ಯಾಕ ಕಟ್ಟೀರಿ?"

ಇಷ್ಟು ವರ್ಷ ಇತಿಹಾಸ ಓದಿದ್ದೇನೆ, ಈ ಪ್ರಶ್ನೆಗೆ ಉತ್ತರ ಎಲ್ಲೂ ಸಿಕ್ಕಿಲ್ಲ. ಬಿಚ್ಚಿಕೊಟ್ಟೆ. ಗೊರೇಬಾಳದ ಭತ್ತದ ರೈತ, ಮದುಮಗ ಶರಣಬಸವನ ಕೈಗೆ ಮಿಂಚುಳ್ಳಿ ಹಾರಿತು. ಎಲ್ಲರೂ ವಧೂವರರ ತಲೆಗೆ ತಗಲುವಂತೆ ಅಕ್ಷತೆ ಹಾಕಿದರು. ನಾನು ವಾಚಿಗೆ ತಗಲದಂತೆ ಹಾಕಿದೆ.

ಆಮೇಲೆ ನನ್ನ ವಾಚು ವಾಪಸು ಯಾವಾಗ ಎಂದು ವಿರೂಪಾಕ್ಷಿಯನ್ನು ಕೇಳಿದರೆ, "ಅಳಿಯನ ಕೈಯಾಗಿನ ವಾಚ್ ಬಿಚ್ಚು ಅಂತ ಯಾವ ಬಾಯಿಲೆ ಹೇಳ್ಲಿ?" ಅಂದ. ಅದೂ ನಿಜವೇ. ನನಗೆ ಮಾತ್ರ ಊಟ ರುಚಿಸಲಿಲ್ಲ. ಸಾಣೆ ಹಿಡಿದ ಆ ಗಾಜಿನ ಮೇಲೆ ಕೆಸರು ಸಿಡಿದಂತೆ, ಪಂಪ್‌ಸೆಟ್ಟಿಗೆ ಬಡಿದಂತೆ ಕನಸು ಬೀಳತೊಡಗಿತು. ಕಡೆಗೊಂದು ಭಾನುವಾರ ಮಸ್ಕಿಗೆ ಹೋಗಿ, ಅವತ್ತು ಮರೆತುಹೋಗಿದ್ದ ವಾಚನ್ನು ವಿರೂಪಾಕ್ಷಿಯಿಂದ ಇಸಿದುಕೊಂಡು ಗೊರೇಬಾಳದ ಹಾದಿ ಹಿಡಿದೆ. ದಪ್ಪ ಅಂಕಿಗಳ ಒಳ್ಳೆಯ ವಾಚು. ಅವರದು ಅವರಿಗೆ, ನನ್ನದು ನನಗೆ. ಇದರಲ್ಲಿ ತಪ್ಪೇನು ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ.

ಶರಣಬಸವ ಗದ್ದೆಯಿಂದ ಬೈಕಿನಲ್ಲಿ ಬಂದ. ಕೈಯಲ್ಲಿ ಮಿಂಚುಳ್ಳಿ, ಹಕ್ಕಿಯ ಬೆನ್ನ ಮೇಲೆ ಒಣಗಿದ ಕೆಸರಿನ ಚುಕ್ಕೆ. ವಿಷಯ ಕೇಳಿ ಅವನಿಗೆ ಖುಷಿಯೇ ಆಯಿತು.

"ಛಲೋ ಆತ್ರಿ ಮಾಮಾರ. ಇದರಾಗ ಅಂಕಿನ ಇಲ್ಲ. ಮುಳ್ಳು ಹಕ್ಕಿ ಚುಂಚಿಗೆ ಬಂತಂದ್ರ ಊಟಕ್ಕ ಬರ್ತೀನಿ, ಬಾಲಕ್ಕ ಬಂತಂದ್ರ ಮೋಟರ್ ಬಂದ್ ಮಾಡ್ತೀನಿ. ಹಂಗ ನಡಸಾಕತ್ತೀನಿ."

ಅವನು ಪಟ್ಟಿ ಬಿಚ್ಚತೊಡಗಿದ. ನಾನು ಕರವಸ್ತ್ರ ಹಾಸಿ ಕೈ ಚಾಚಿದೆ. ಅಷ್ಟರಲ್ಲಿ ಚಹಾ ತಂದ ಸವಿತಾ, "ಬಿಚ್ಚಬ್ಯಾಡ್ರಿ" ಅಂದಳು. ನನ್ನ ಕಡೆ ತಿರುಗಿದಾಗ ಅವಳ ಕಣ್ಣು ತುಂಬಿತ್ತು.

"ಮಾಮಾರ, ಅವತ್ತು ಅಪ್ಪನ ಮಾರಿ ನೋಡಿದ್ರಲ್ರೀ. ಹುಟ್ಟಿದಾಗಿಂದ ನಾ ಅಪ್ಪ ತಲಿ ತಗ್ಗಿಸಿದ್ದು ನೋಡಿದಾಕಿ ಅಲ್ಲ. ಈ ವಾಚ್ ಅವನ ಮರ್ಯಾದಿ ಉಳಿಸೇತಿ. ಇದನ್ನ ಹೆಂಗ ಬಿಚ್ಚಿ ಕೊಡ್ಲಿ? ನೀವು ಒಂದ ಮಾತಿಗೆ ತಗದು ಕೊಟ್ರಿ ಅಂತ ಈ ಮನ್ಯಾಗ ದಿನಾ ಹೇಳ್ತೀನಿ."

ನನಗೆ ನಾಚಿಕೆಯಾಯಿತು, ಸಂತೋಷವೂ ಆಯಿತು, ಹೊಟ್ಟೆಯೂ ಉರಿಯಿತು. ಮೂರೂ ಒಟ್ಟಿಗೆ ಆದಾಗ ಮನುಷ್ಯ ಚಹಾ ಕುಡಿಯಬೇಕು. ಕುಡಿದೆ. "ಇರಲಿ ಬಿಡವಾ, ಅದು ನಿಂದ" ಅಂದೆ. ಕರವಸ್ತ್ರದಿಂದ ಹಣೆ ಒರೆಸಿಕೊಂಡು, ದಪ್ಪ ಅಂಕಿಯ ವಾಚನ್ನಾದರೂ ಉಳಿಸಿಕೊಳ್ಳೋಣವೆಂದು ಮೆಲ್ಲಗೆ ಚೀಲಕ್ಕೆ ಸೇರಿಸುತ್ತಿದ್ದೆ.

"ಅದೂ ನಮ್ಮಪ್ಪ ತಂದದ್ದಲ್ರೀ?" ಅಂದಳು ಸವಿತಾ. "ಕೊಡ್ರಿ, ನಾ ಕಟ್ಟಿಕೊಳ್ತೀನಿ."

ನನ್ನ ಬಸ್ಸು ಹತ್ತಿಸಲು ಬಂದ ಶರಣಬಸವ ಸಂಕೋಚದಿಂದ, ಗದ್ದೆಗೆ ಇಳಿಯುವಾಗ ಬಿಚ್ಚಿಡಲು ಇದಕ್ಕೊಂದು ಡಬ್ಬಿ ಇತ್ತೇ ಎಂದು ಕೇಳಿದ. ಇಲ್ಲವೆಂದು ಹೇಳಬಹುದಿತ್ತು, ಇದೆ ಅಂದುಬಿಟ್ಟೆ. ಮನೆಗೆ ಬಂದು ಬೀರು ತೆರೆದರೆ ಡಬ್ಬಿ ಬರಿದೇ ಬಾಯಿ ತೆರೆದು ಕೂತಿತ್ತು. ಎರಡು ದಿನ ಅದನ್ನು ನೋಡಿಕೊಂಡೇ ಸಂಕಟಪಟ್ಟೆ. ಮೂರನೆಯ ದಿನ ಕರವಸ್ತ್ರದಲ್ಲಿ ಸುತ್ತಿ ಗೊರೇಬಾಳಕ್ಕೆ ಕಳಿಸಿಬಿಟ್ಟೆ. ಅಂದು ಕಂಠಪೂರ್ತಿ ಉಂಡು ಮಲಗಿದೆ. ಅರ್ಧ ಕೊಟ್ಟಾಗ ಮಾತ್ರ ಮನುಷ್ಯನಿಗೆ ನಿದ್ದೆ ಬರುವುದಿಲ್ಲ ಎಂದು ತೋರುತ್ತದೆ.