ಮಗ್ಗಿ ಕೇಳಿ ಹಿಡಿದ ಮನೆ

ನಾನು ಶಾಲೆಗೆ ಹೋದದ್ದು ಎರಡನೇ ಕ್ಲಾಸಿನವರೆಗೆ. ಅವ್ವ ತೀರಿಕೊಂಡಳು, ನನ್ನ ಬೆನ್ನಿಗೆ ಇನ್ನಿಬ್ಬರು ಸಣ್ಣವರಿದ್ದರು, ಸ್ಲೇಟು ಅಟ್ಟ ಸೇರಿತು. ಅಷ್ಟರಲ್ಲಿ ಕಲಿತದ್ದೆಂದರೆ ಹತ್ತರವರೆಗೆ ಮಗ್ಗಿ. ಅಕ್ಷರಗಳು ಬಿಡಿಬಿಡಿಯಾಗಿ ಗೊತ್ತಿದ್ದವು, ಆದರೆ ಎರಡನೆಯದನ್ನು ಗುರುತು ಹಿಡಿಯುವಷ್ಟರಲ್ಲಿ ಮೊದಲನೆಯದು ಮರೆತುಹೋಗುತ್ತಿತ್ತು. ಅಂಥವಳು ಈ ವಯಸ್ಸಿನಲ್ಲಿ ಪುಟಗಟ್ಟಲೆ ಬರೆಯಲು ಕೂತಿದ್ದೇನೆಂದರೆ ಅದು ನನ್ನ ಮೊಮ್ಮಗಳ ದೆಸೆಯಿಂದ. ತಪ್ಪಿದ ಕಡೆ ಅವಳು ತಿದ್ದುತ್ತಾಳೆ. ಸಂತೋಷ ಎದೆಯಲ್ಲಿ ಹಿಡಿಸದೆ ಹೋದರೆ ಎಲ್ಲಾದರೂ ಸುರಿಯಬೇಕಲ್ಲ, ಇಲ್ಲಿ ಸುರಿಯುತ್ತಿದ್ದೇನೆ. ಆದರೆ ಅದಕ್ಕೆ ಮೊದಲು ನಾನು ಮಾಡಿದ ತಪ್ಪನ್ನು ಹೇಳಬೇಕು.

ಎಂಬತ್ತನೇ ಇಸವಿಯ ಆಸುಪಾಸಿನ ಮಾತು. ಅಳಿಯನಿಗೆ ಪೀಣ್ಯದ ಒಂದು ಶೆಡ್ಡಿನಲ್ಲಿ ಲೇತ್ ಕೆಲಸ. ಮಗಳು ಅಲ್ಲೇ ಇನ್ನೊಂದು ಕಡೆ ಮೋಟಾರಿಗೆ ತಂತಿ ಸುತ್ತುತ್ತಿದ್ದಳು. ಊರೊಳಗಿನ ಗಲ್ಲಿಯಲ್ಲಿದ್ದ ನಮ್ಮ ಮನೆಯ ಬಾಡಿಗೆ ಕೈಮೀರಿತ್ತು, ಬಸ್ಸಿಗೆ ನಿಂತು ನಿಂತು ಇಬ್ಬರೂ ಸೋತಿದ್ದರು. ಪೀಣ್ಯದ ಕಡೆಗೇ ಹೋಗಿಬಿಡೋಣ ಎಂದಾಯಿತು. ಅವರಿಬ್ಬರಿಗೂ ಶಿಫ್ಟು, ಬಿಡುವಿಲ್ಲ. ಮನೆ ಹುಡುಕುವ ಕೆಲಸ ನನ್ನ ತಲೆಗೆ ಬಂತು. ಜೊತೆಗೆ ಸೆರಗು ಹಿಡಿದುಕೊಂಡು ಮೊಮ್ಮಗಳು. ಅವಳಿಗೆ ಆಗ ಆರು ತುಂಬಿತ್ತು, ಶಾಲೆಗೆ ಸೇರಿಸಬೇಕಾಗಿತ್ತು.

ಫೀಜು ಕಟ್ಟುವ ಕಾನ್ವೆಂಟು ನಮ್ಮಂಥವರಿಗಲ್ಲ. ಸರ್ಕಾರಿ ಶಾಲೆಯೇ ಆಗಬೇಕು, ಅದು ಒಳ್ಳೆಯದಿರಬೇಕು, ಅದರ ಪಕ್ಕದಲ್ಲೇ ನಮ್ಮ ಕೈಗೆಟಕುವ ಮನೆಯಿರಬೇಕು. ಇದು ನನ್ನ ಹಟ. ಯಾಕೆಂದರೆ ಮಗಳನ್ನು ಎರಡನೇ ಕ್ಲಾಸಿಗೆ ಬಿಡಿಸಿದವಳು ನಾನೇ. ಅವಳ ತಂಗಿ ಹುಟ್ಟಿದಾಗ ತೊಟ್ಟಿಲು ತೂಗುವವರು ಬೇಕಾಗಿತ್ತು. ನನಗೆ ಆದದ್ದನ್ನೇ ಅವಳಿಗೂ ಮಾಡಿದೆ. ಅವಳು ಒಂದು ಸಲವೂ ಬಾಯಿಬಿಟ್ಟು ಅನ್ನಲಿಲ್ಲ. ಆದರೆ ಯಾವುದಾದರೂ ಕಾಗದ ಮನೆಗೆ ಬಂದರೆ ಅದನ್ನು ಹಿಡಿದುಕೊಂಡು ಪಕ್ಕದ ಮನೆಗೆ ಹೋಗುತ್ತಿದ್ದಳಲ್ಲ, ಆಗ ಅವಳ ಬೆನ್ನು ನೋಡಲು ನನಗೆ ಆಗುತ್ತಿರಲಿಲ್ಲ. ಮೊಮ್ಮಗಳ ಬೆನ್ನೂ ಹಾಗೆ ಕಾಣಬಾರದು ಎಂದುಕೊಂಡಿದ್ದೆ.

ಶಾಲೆ ಒಳ್ಳೆಯದೋ ಕೆಟ್ಟದ್ದೋ ಓದದವಳಿಗೆ ತಿಳಿಯುವುದು ಹೇಗೆ? ನಾನೊಂದು ಉಪಾಯ ಕಂಡುಕೊಂಡಿದ್ದೆ. ಸಂಜೆ ಶಾಲೆ ಬಿಡುವ ಮುಂಚೆ ಹೋಗಿ ಕಾಂಪೌಂಡಿನ ಆಚೆ ನಿಲ್ಲುವುದು, ಮಗ್ಗಿ ಕೇಳುವುದು. ನಾನು ಕಲಿತದ್ದೇ ಅದು, ನನಗೆ ಶಾಲೆಯೆಂದರೆ ಆ ಸದ್ದು. ಎರಡು ಶಾಲೆಗಳಲ್ಲಿ ದನಿಯೇ ಏಳಲಿಲ್ಲ, ಬೇಡವೆಂದು ಮುಂದೆ ಹೋದೆ. ಮೂರನೆಯದು ತುಮಕೂರು ರಸ್ತೆಯಿಂದ ಒಳಗೆ, ರಾಗಿ ಹೊಲ ದಾಟಿ. ಅಬ್ಬಾ, ಹೊಲದ ಈ ತುದಿಗೇ ಕೇಳುತ್ತಿತ್ತು! ಎರಡೊಂದ್ಲ ಎರಡು, ಎರಡೆರಡ್ಲ ನಾಕು. ಒಂದು ಬದಿ ಮಗ್ಗಿ, ಒಂದು ಬದಿ ಪದ್ಯ, ಒಂದು ಬದಿ ಕಾಗುಣಿತ. ನನ್ನ ಕಣ್ಣಲ್ಲಿ ನೀರು ಬಂತು. ಅವತ್ತೇ ಅಲ್ಲೇ ಒಂದು ಶೀಟಿನ ಮನೆ ಹಿಡಿದೆ.

ಒಂದು ವರ್ಷ ಕಳೆಯಿತು. ಮೊಮ್ಮಗಳು ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಗಡಗಡ ಓದುತ್ತಿದ್ದಳು. ಅಳಿಯ ಬೀದಿಯವರನ್ನೆಲ್ಲ ಕರೆದು ಕೇಳಿಸುತ್ತಿದ್ದ. ನನಗಂತೂ ಊಟವೇ ಬೇಡವಾಗಿತ್ತು.

ಒಂದು ಭಾನುವಾರ ಬೆಳಗ್ಗೆ ನಾನು ಅವರೆಕಾಯಿ ಸುಲಿಯುತ್ತಿದ್ದೆ. ಅವಳು ಎದುರಿಗೆ ಕೂತು ನವಿಲಿನ ಪಾಠ ಓದುತ್ತಿದ್ದಳು. ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುಗಿಸಿದಳು, ಎರಡು ಹಾಳೆ ಒಟ್ಟಿಗೆ ಅಂಟಿಕೊಂಡು ಬಂದವು. ಚಿತ್ರದಲ್ಲಿ ಎತ್ತಿನ ಗಾಡಿ ನಿಂತಿತ್ತು. ಮಗುವಿನ ಬಾಯಲ್ಲಿ ಇನ್ನೂ ನವಿಲು ಕುಣಿಯುತ್ತಲೇ ಇತ್ತು. ಗರಿ ಬಿಚ್ಚಿತು, ಮೋಡ ನೋಡಿತು, ಎಲ್ಲ ಹೇಳಿ ಮುಗಿಸಿದಳು. ಬೆರಳು ಗಾಡಿಯ ಪಾಠದ ಸಾಲುಗಳ ಮೇಲೆ ಒಂದೂ ತಪ್ಪದೆ ಹರಿಯುತ್ತಿತ್ತು.

ನಾನು ಸುಲಿಯುವುದನ್ನು ಬಿಟ್ಟೆ. "ಪುಟ್ಟಾ, ಇದೇನ್ ಅಕ್ಸರ ಏಳು?" ಎಂದು ನಡುವಿನ ಒಂದರ ಮೇಲೆ ಬೆರಳಿಟ್ಟೆ. ನನಗೂ ಗೊತ್ತಿದ್ದ ಅಕ್ಷರ, ಗ. ಅವಳು ಮೇಲಿನಿಂದ ಶುರುಮಾಡಿ ಹಾಡಿಕೊಂಡು ಬಂದಳು. ನಡುವಿನದನ್ನು ಕೇಳಿದರೆ ಬರದು. ನನ್ನ ಮುಖ ನೋಡಿ ಹೆದರಿದಳು. "ಯಾಕಜ್ಜಿ, ಇನ್ನೂ ಜೋರಾಗ್ ಹೇಳ್ಲಾ?" ಎಂದಳು.

ಮಾರನೆಯ ದಿನ ಶಾಲೆಗೆ ಹೋದೆ, ಮೊದಲ ಸಲ ಬಾಗಿಲೊಳಗೆ. ಇದ್ದದ್ದು ಒಂದೇ ಕೋಣೆ, ನಾಲ್ಕು ಕ್ಲಾಸು, ಒಬ್ಬರೇ ಮೇಷ್ಟ್ರು. ಪಾಪ, ಒಂದು ಕ್ಲಾಸಿಗೆ ಹೇಳಿಕೊಡುವಾಗ ಉಳಿದ ಮೂರು ಗದ್ದಲ ಮಾಡದಿರಲೆಂದು ಬಾಯಿಪಾಠಕ್ಕೆ ಹಚ್ಚುತ್ತಿದ್ದರು. "ಇನ್ನೊಬ್ರನ್ನ ಕೊಡಿ ಅಂತ ಬರೆದೂ ಬರೆದೂ ಸಾಕಾಯ್ತಮ್ಮ," ಎಂದರು. ಅವರ ಗಂಟಲು ಒಡೆದುಹೋಗಿತ್ತು. ಅಷ್ಟು ಸದ್ದು ಯಾಕಿತ್ತು ಎಂದು ಆಗ ತಿಳಿಯಿತು. ನಾನು ಹೊಲದ ಬದುವಿನಲ್ಲಿ ನಿಂತು ಕಣ್ಣೀರು ಹಾಕಿದ್ದು ಮೇಷ್ಟ್ರ ಕೊರತೆಯ ಸದ್ದಿಗೆ.

ಮನೆಯಲ್ಲಿ ಹೇಳಿದೆ. ಅಳಿಯ ನಂಬಲಿಲ್ಲ.

"ಅತ್ತೆ, ಮಗ್ಗಿ ಪಟಪಟ ಏಳ್ತಾವ್ಳೆ. ಇನ್ನೇನ್ ಬೇಕು ನಿಮ್ಗೆ? ಕಲೆಕ್ಟ್ರಾಗ್ಬೇಕಾ?"

"ಗಿಣಿ ಆಗ್ಬಾರ್ದು ಕಣಪ್ಪ, ಅಷ್ಟೇಯ."

"ಈ ಮನೆ ಆರ್ಸಿದ್ದು ಯಾರು?"

"ನಾನೇ. ಆರ್ಸಿದ್ದೂ ನಾನೇ, ತಪ್ಪಿದ್ದೂ ನಾನೇ. ಇನ್ನೊಂದ್ಕಿತ ಉಡುಕ್ತೀನಿ."

ಅವನು ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊರಗೆ ಹೋದ. ಮಗಳು ಮಾತ್ರ, "ಉಡುಕವ್ವ," ಎಂದಳು. ನೆಲ ನೋಡಿಕೊಂಡೇ ಹೇಳಿದಳು.

ಈ ಸಲ ನಾನು ಹೊರಗೆ ನಿಲ್ಲಲಿಲ್ಲ. ಮೊದಲು ಬೇಡವೆಂದು ಬಿಟ್ಟು ಬಂದಿದ್ದ ಶಾಲೆಗಳಿಗೇ ವಾಪಸು ಹೋಗಿ ಕಿಟಕಿಯಲ್ಲಿ ಬಗ್ಗಿ ನೋಡಿದೆ. ಎರಡನೆಯದರಲ್ಲಿ ನಿಶ್ಶಬ್ದ. ಮಕ್ಕಳೆಲ್ಲ ನೆಲದ ಮೇಲೆ ತಲೆ ಬಗ್ಗಿಸಿ ಕೂತಿದ್ದರು, ಒಬ್ಬೊಬ್ಬರ ಕೈಯಲ್ಲೂ ಕಡಲೆಕಾಯಿ ಪೊಟ್ಟಣ ಬಿಚ್ಚಿದ ಹಳೆ ಪೇಪರಿನ ಚೂರು. ಟೀಚರಮ್ಮ ನಡುವೆ ಓಡಾಡುತ್ತಾ, "ನಿನ್ ಚೂರಲ್ಲಿ ಮನೆ ಅಂತ ಎಲ್ಲಿದೆ? ನಿಂದ್ರಲ್ಲಿ?" ಎಂದು ಮೆಲ್ಲಗೆ ಕೇಳುತ್ತಿದ್ದರು. ಅಲ್ಲೂ ಕೋಣೆ ಎರಡೇ, ಹೆಂಚು ಒಡೆದಿತ್ತು. ಆದರೆ ಟೀಚರು ಮೂವರಿದ್ದರು. ನಾನು ನಡೆದದ್ದನ್ನೆಲ್ಲ ಹೇಳಿದೆ. ಅವರು ನನ್ನ ಜೊತೆ ಬಂದಿದ್ದ ಮೊಮ್ಮಗಳನ್ನು ಹತ್ತಿರ ಕರೆದು ಒಂದು ಪೊಟ್ಟಣದ ಚೂರು ಕೊಟ್ಟರು. ಅವಳು ಅದನ್ನು ಹಿಡಿದುಕೊಂಡು ನವಿಲಿನ ಪಾಠ ಹೇಳಿದಳು. ಯಾರೂ ನಗಲಿಲ್ಲ.

"ಒಂದನೇ ಕ್ಲಾಸಿಗೇ ಕೂರ್‌ಬೇಕಾಗುತ್ತಮ್ಮ, ಮತ್ತೆ ಮೊದ್ಲಿಂದ," ಎಂದರು ಟೀಚರಮ್ಮ.

ಒಂದು ವರ್ಷ ನನ್ನ ಕಿವಿಯ ದೆಸೆಯಿಂದ ಹೋಯಿತು. ನಾನು ತಲೆಯಾಡಿಸಿದೆ.

ಇನ್ನು ಮನೆ. ಹಳೆಯ ಶಾಲೆಯ ಹತ್ತಿರದ ಮನೆಯಿಂದ ಇಲ್ಲಿಗೆ ಮಗು ನಡೆದು ಬರುವುದೆಂದರೆ ಲಾರಿಗಳ ರಸ್ತೆ ದಾಟಬೇಕು. ಶಾಲೆಯ ಹಿಂದೆಯೇ ಒಬ್ಬ ರೈತಾಪಿ ಹೆಂಗಸಿನ ವಠಾರವಿತ್ತು. ಅವರ ಹೊಲವೆಲ್ಲ ಫ್ಯಾಕ್ಟರಿಗಳ ಕೆಳಗೆ ಹೋಗಿತ್ತು. ಉಳಿದ ಕೊಟ್ಟಿಗೆಯನ್ನು ಅರ್ಧ ಎಮ್ಮೆಗೆ ಬಿಟ್ಟು ಅರ್ಧಕ್ಕೆ ಗೋಡೆ ಹಾಕಿ ಬಾಡಿಗೆಗೆ ಕೊಡುತ್ತಿದ್ದರು. ನಾನು ಹೋಗಿ ಮೊದಲು ಕೇಳಿದ್ದು, "ಇಲ್ಲಿಂದ ಇಸ್ಕೂಲ್ ಬಾಗ್ಲು ಕಾಣುತ್ತೇನವ್ವ?" ಎಂದು.

ಆಕೆ ಸೊಂಟಕ್ಕೆ ಕೈಕೊಟ್ಟು ನಿಂತಳು. "ಬಂದೋರೆಲ್ಲ ನೀರೆಲ್ಲಿ, ಕಕ್ಕಸೆಲ್ಲಿ ಅಂತಾರೆ. ನೀನ್ಯಾವ ಊರೋಳವ್ವ, ಇಸ್ಕೂಲ್ ಕೇಳ್ತೀಯ? ನೀನೇ ಸೇರ್ಕೊಳ್ತೀಯಾ?"

"ಸೇರಿಸ್ಕೊಂಡ್ರೆ ಸೇರ್ಕೊಳ್ತೀನಿ ಕಣವ್ವ."

ಅವಳು ನಕ್ಕಳು, ಮನೆ ಸಿಕ್ಕಿತು. ನೀರು ದೂರದ ಬೋರ್‌ವೆಲ್ಲಿನಿಂದ ಹೊರಬೇಕು. ಗೋಡೆಯಾಚೆ ಎಮ್ಮೆ, ಬೀದಿಯಾಚೆ ತಗಡು ಒತ್ತುವ ಶೆಡ್ಡು, ಬೆಳಗಿಂದ ಸಂಜೆವರೆಗೆ ಧಡ್ ಧಡ್ ಎಂದು ಪಾತ್ರೆಗಳು ಅದುರುತ್ತಿದ್ದವು. ಅಳಿಯ ಒಂದು ತಿಂಗಳು ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ.

ಮೊಮ್ಮಗಳು ತನಗಿಂತ ಸಣ್ಣವರ ಜೊತೆ ಕೂತಳು. ಅವಳೀಗ ಮನೆಯಲ್ಲಿ ಏನೂ ಓದುತ್ತಿರಲಿಲ್ಲ. ಕೇಳಿದರೆ, "ಟೀಚರ್ ಜೋರಾಗಿ ಹೇಳ್ಬೇಡ ಅಂದವ್ರೆ," ಎನ್ನುತ್ತಿದ್ದಳು. ಬೀದಿಯವರಿಗೆ ಕೇಳಿಸಲು ಏನೂ ಇಲ್ಲದೆ ಅಳಿಯ ಮುಖ ಊದಿಸಿಕೊಂಡಿದ್ದ. ದಸರೆ ಹತ್ತಿರ ಬಂತು. ಎರಡನೆಯ ಸಲವೂ ತಪ್ಪಿದೆನೇನೋ ಎಂದು ನನಗೆ ಭಯವಾಗಿತ್ತು. ಮೂರನೆಯ ಸಲ ಹುಡುಕಲು ಯಾರೂ ನನ್ನನ್ನು ಕಳಿಸುವುದಿಲ್ಲ ಎಂದು ಗೊತ್ತಿತ್ತು.

ದಸರೆ ರಜೆಯ ಒಂದು ದಿನ ಮನೆಯೊಡತಿಯ ಗಂಡ ಒಂದು ತಗಡಿನ ಚೂರಿಗೆ ನೀಲಿ ಬಣ್ಣದಲ್ಲಿ ಬರೆದು ಕೊಟ್ಟಿಗೆಯ ಬಾಗಿಲಿಗೆ ಮೊಳೆ ಹೊಡೆದ. ನಾನೂ ಮೊಮ್ಮಗಳೂ ನೀರು ಹೊತ್ತುಕೊಂಡು ಬರುತ್ತಿದ್ದೆವು. ಅವಳು ತನ್ನ ಸಣ್ಣ ಬಿಂದಿಗೆ ಕೆಳಗಿಟ್ಟು ಬೋರ್ಡಿನ ಮುಂದೆ ನಿಂತಳು. ತುಟಿ ಅಲುಗಾಡುತ್ತಿತ್ತು.

"ಇ... ಲ್ಲಿ. ಇಲ್ಲಿ. ಆ... ಲು. ಸಿ, ಗು, ತ್ತ, ದೆ. ಇಲ್ಲಿ ಆಲು ಸಿಗುತ್ತದೆ."

"ಊ, ಸರ್ಯಾಗೇಳ್ದೆ," ಎಂದೆ ನಾನು.

ಅವಳು ಹುಬ್ಬು ಗಂಟು ಹಾಕಿದಳು. "ಸರಿಯಿಲ್ಲ ಅಜ್ಜಿ. ಹಾಲು ಅಂತ ಬರೀಬೇಕು. ಇಲ್ಲಿ ಆಲು ಅಂತ ಐತೆ."

"ನಾನೂ ಅದ್ನೇ ಅಂದಿದ್ದು. ಆಲು."

"ಅಯ್ಯೋ ಅಜ್ಜಿ, ನಿನ್ ಬಾಯಲ್ಲೂ ಹ ಇಲ್ಲ!"

ಒಳಗಿನಿಂದ ಮನೆಯೊಡತಿ ಸೆಗಣಿ ಕೈಯಲ್ಲೇ ಹೊರಗೆ ಬಂದಳು. "ಏನೇ ಅದು? ನನ್ನೆಮ್ಮೆ ಕೊಡೋದು ಆಲೇ ಕಣೇ. ನಿನ್ನಿಸ್ಕೂಲಲ್ಲಿ ಎಮ್ಮೆ ಕಟ್ಟಿದ್ರೆ, ಅದು ಬೇಕಾದ್ರೆ ಹ್ಹಾಲು ಕೊಡ್ಲಿ!"

ಗಂಡ ಕುಂಚ ಹಿಡಿದುಕೊಂಡೇ ನಿಂತಿದ್ದ. "ನಾಕ್ನೇ ಕ್ಲಾಸ್ ಓದೀವ್ನಿ ನಾನು," ಎಂದ. ಆದರೆ ದನಿ ಗಟ್ಟಿಯಿರಲಿಲ್ಲ.

ಅವರು ವಾದ ಮಾಡುತ್ತಿದ್ದರು, ನನಗೆ ಕೇಳಿಸಲಿಲ್ಲ. ನಾನು ಕೊಡ ಇಳಿಸಿ ಜಗಲಿಯ ಮೇಲೆ ಕೂತುಬಿಟ್ಟೆ. ಬಾಯಿಪಾಠದ ಮಗುವಾಗಿದ್ದರೆ ಹಾಲು ಎಂದುಬಿಡುತ್ತಿತ್ತು. ಕೊಟ್ಟಿಗೆ ಬಾಗಿಲಲ್ಲಿ ಇನ್ನೇನು ಬರೆದಿರುತ್ತಾರೆ? ಇವಳು ಬರೆದದ್ದನ್ನು ಓದಿದಳು. ಯಾರೂ ಹೇಳಿಕೊಡದ್ದು, ಯಾವ ಪುಸ್ತಕದಲ್ಲೂ ಇಲ್ಲದ್ದು, ಅವತ್ತು ಬೆಳಗ್ಗೆ ಹುಟ್ಟಿದ ತಪ್ಪು ಅದು. ಅದನ್ನು ತಪ್ಪೆಂದೇ ಓದಿದಳು. ನನಗೆ ಕಾಣದ್ದು ಅವಳಿಗೆ ಕಂಡಿತು.

ಮನೆಯಾತ ಕೊನೆಗೆ, "ಬರಿಯವ್ವ, ನೀನೇ ಬರಿ," ಎಂದು ಕುಂಚ ಕೊಟ್ಟ. ಅವನು ಮಗುವನ್ನು ಎತ್ತಿ ಹಿಡಿದುಕೊಂಡ, ಅವಳು ನಾಲಗೆ ಕಚ್ಚಿಕೊಂಡು 'ಆ' ಅಳಿಸಿ 'ಹಾ' ಮಾಡಿದಳು. ಬಣ್ಣ ಇಳಿದು ಅವನ ತೋಳಿನ ಮೇಲೆ ಸೋರಿತು.

ಸಂಜೆವರೆಗೆ ಕಾಯಲು ನನ್ನಿಂದಾಗಲಿಲ್ಲ. ಅವಳನ್ನು ಕಂಕುಳಲ್ಲಿ ಎತ್ತಿಕೊಂಡು, ಏಳು ವರ್ಷದವಳನ್ನು, ಮಗಳ ಫ್ಯಾಕ್ಟರಿ ಗೇಟಿನವರೆಗೆ ನಡೆದೆ. ಊಟದ ಬಿಡುವಿಗೆ ಗಂಟೆ ಹೊಡೆಯಿತು. ಮಗಳು ನಮ್ಮನ್ನು ಕಂಡು ಡಬ್ಬಿ ಬಿಸಾಕಿ ಓಡಿಬಂದಳು. ಹೊತ್ತಲ್ಲದ ಹೊತ್ತಿನಲ್ಲಿ ಅವ್ವ ಗೇಟಿಗೆ ಬಂದರೆ ಯಾರಿಗೆ ತಾನೇ ಎದೆ ಧಸಕ್ಕೆನ್ನುವುದಿಲ್ಲ!

"ಏನವ್ವ? ಏನಾಯ್ತು? ಮಗೀಗೇನಾಯ್ತು?"

ನನಗೆ ಉಸಿರು ಕಟ್ಟಿತ್ತು. "ಓದ್ತು ಕಣೇ," ಎಂದೆ. "ತಪ್ಪು ಓದ್ತು. ಸರ್ಯಾಗಿ ತಪ್ಪು ಓದ್ತು!"

ಮಗಳಿಗೆ ಮೊದಲು ಏನೂ ಅರ್ಥವಾಗಲಿಲ್ಲ, ನಾನು ಬೋರ್ಡಿನ ಕತೆ ಹೇಳಿದೆ. ಮಗುವನ್ನು ಇಳಿಸಿಕೊಂಡು, ಅದರ ನೀಲಿ ಕೈಗಳನ್ನು ನೋಡಿದಳು. ಆಮೇಲೆ ಸೊಂಟದ ಚೀಲದಿಂದ, ಯಾರಲ್ಲಾದರೂ ಓದಿಸಲೆಂದು ಮಡಚಿ ಇಟ್ಟುಕೊಂಡಿದ್ದ ಒಂದು ಕಾಗದ ತೆಗೆದು, ಗೇಟಿನ ನೆರಳಿನಲ್ಲಿ ಕುಕ್ಕರುಗಾಲಲ್ಲಿ ಕೂತು, ತನ್ನ ಮಗಳ ಮುಂದೆ ಬಿಡಿಸಿದಳು.