ಕೂಗಿನಹಾಳದ ನಿಯಮ

ಕೂಗಿನಹಾಳಕ್ಕೆ ಇಂದು ಬಸ್ ನಿಲ್ದಾಣ ಬಂತು. ವಿಜಯಪುರದಿಂದ ಫೋನ್ ಮಾಡಿ ಈ ಸುದ್ದಿ ಕೊಟ್ಟವಳು ಅಕ್ಕನ ಮೊಮ್ಮಗಳು. ಅಂಥ ಊರು ಎಲ್ಲೂ ಇಲ್ಲ. ಟಿಕೋಟಾ ಮತ್ತು ಬಬಲೇಶ್ವರದ ನಡುವೆ, ದೆವ್ವದ ಕಥೆಗಳಿಗೆಂದು ಅಕ್ಕ ಚಿಕ್ಕಂದಿನಲ್ಲಿ ಕಟ್ಟಿದ ಊರು ಅದು; ಈಗ ಅದನ್ನು ಬೆಳೆಸುತ್ತಿರುವವಳು ಈ ಮೊಮ್ಮಗಳು.

ಅಲ್ಲಿ ದೆವ್ವ ಮನೆಯವರ ದನಿಯಲ್ಲಿ ಒಂದೇ ಸಲ ಕರೆಯುತ್ತದೆ. ಓಗೊಟ್ಟವರು ಮರಳುವುದಿಲ್ಲ. ಆದ್ದರಿಂದ ಎರಡನೆಯ ಕೂಗಿಗೇ ಏಳಬೇಕು.

ನಾವು ಚಿಕ್ಕವರಿದ್ದಾಗ ಒಂದು ಮಧ್ಯಾಹ್ನ ಒಣದ್ರಾಕ್ಷಿ ಶೆಡ್ಡಿನ ಹಿಂದೆ ಅಕ್ಕ ಈ ಕಥೆ ಹೇಳುತ್ತಿದ್ದಳು. ಒಳಗಿನಿಂದ ಅಜ್ಜಿ ನನ್ನ ಹೆಸರು ಹಿಡಿದು ಕರೆದಳು. ಒಂದೇ ಸಲ.

"ಏಳಬ್ಯಾಡ ಲೇ," ಎಂದು ಅಕ್ಕ ನನ್ನ ಕೈ ಹಿಡಿದಳು. ಎರಡನೆಯ ಕೂಗು ಬರಲೇ ಇಲ್ಲ. ಬಂದದ್ದು ಒಂದು ಸೀನು. ಅಜ್ಜಿಗೆ ನಶ್ಯದ ಚಟವಿತ್ತು.

"ದೆವ್ವ ನಶಿ ಏರಸ್ತೈತೇನ ಬೇ ಅಕ್ಕಾ?" ಎಂದೆ. ಇಬ್ಬರೂ ಓಡಿದೆವು.

ಏಣಿ ಜಾರಿ ಅಜ್ಜಿ ನೆಲಕ್ಕೆ ಬಿದ್ದಿದ್ದಳು. ಕಾಲು ಸೊಟ್ಟಗೆ ಮಡಚಿಕೊಂಡಿತ್ತು.

"ಒಮ್ಮಿ ಕರದ್ರ ಬರಾಕ ಆಗೂದಿಲ್ಲೇನ್ರಿ ಸಾವ್ಕಾರ್ರ?" ಎಂದಳು. "ಇನ್ನೊಮ್ಮಿ ಒದರಾಕ ಉಸಿರ ಇರಲಿಲ್ಲಲೇ."

ಈಗ ಮೊಮ್ಮಗಳೂ ತಾಯಿ ಒಂದು ಸಲ ಕರೆದರೆ ಏಳುವುದಿಲ್ಲವಂತೆ. ಒಂದೇ ಕೂಗಿಗೆ ಓಗೊಡಬೇಕೆಂಬ ಹೊಸ ನಿಯಮವನ್ನು ಕೂಗಿನಹಾಳದಲ್ಲಿ ರವಿವಾರ ನಾನೇ ಜಾರಿಗೆ ತರುತ್ತೇನೆ.