ಔಟಲ್ಲದವರಿಗೂ ಔಟು

ನಗುವಾಗ ನನ್ನ ಭಾವಮೈದನ ಹೊಟ್ಟೆ ಮೊದಲು ಕುಣಿಯುತ್ತಿತ್ತು, ಸದ್ದು ಆಮೇಲೆ ಬರುತ್ತಿತ್ತು. ಅವನು ನನ್ನ ಹೆಂಡತಿಯ ತಮ್ಮ. ತೊಂಬತ್ತರ ದಶಕದ ಕೊನೆಯಲ್ಲಿ ಹೊಳೆನರಸೀಪುರದ ಬಸ್ ನಿಲ್ದಾಣದ ಹಿಂದೆ ಒಂದು ಟೀವಿ ಇಟ್ಟುಕೊಂಡು ವಿಡಿಯೋ ಗೇಮ್ ಅಂಗಡಿ ನಡೆಸುತ್ತಿದ್ದ. ಎಸ್ಸೆಸ್ಸೆಲ್ಸಿ ಪಾಸಾಗಿ ಹಾಸನದಲ್ಲಿ ಗುಮಾಸ್ತನಾಗಿದ್ದ ನನಗೆ ಅದನ್ನು ಅಂಗಡಿ ಎನ್ನಲೂ ನಾಚಿಕೆ. ಯಾರಾದರೂ ಕೇಳಿದರೆ ಟೀವಿ ವ್ಯಾಪಾರ ಎನ್ನುತ್ತಿದ್ದೆ.

ಅಲ್ಲಿ ಎಲ್ಲರಿಗೂ ಬೇಕಿದ್ದದ್ದು ಒಂದೇ ಕ್ಯಾಸೆಟ್, ಒಂದು ದರಿದ್ರ ಕ್ರಿಕೆಟ್ ಆಟ. ಫೀಲ್ಡರು ಚೆಂಡು ಬಿಟ್ಟು ಬೇರೆ ಕಡೆ ಓಡುತ್ತಿದ್ದ. ಅಂಪೈರು ಮನಸ್ಸು ಬಂದಾಗಲೆಲ್ಲ ಔಟು ಕೊಡುತ್ತಿದ್ದ. ಮೀಸೆ ಹೊತ್ತ ಆಟೋದವರು, ಅರಕಲಗೂಡಿನ ಬಸ್ಸಿಗೆ ಕಾಯುವವರು ಅದನ್ನೇ ಕೇಳಿ ಹಾಕಿಸಿಕೊಂಡು ಬಿದ್ದು ಬಿದ್ದು ನಗುತ್ತಿದ್ದರು. ಕೆಟ್ಟ ಆಟಕ್ಕೆ ಕಾಸು ಕೊಡುವ ಈ ಮಂದಿಯ ತಲೆಯಲ್ಲಿ ಏನು ತುಂಬಿದೆಯೋ ಎಂದುಕೊಳ್ಳುತ್ತಿದ್ದೆ.

ಒಂದು ದಿನ ಅಂಗಡಿಯ ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಒಳಗಿಂದ ಅವನ ದನಿ ಕೇಳಿತು: “ಕಟ್ಟಾಯದ ಭಾವ ಬೆರಳೆತ್ಬುಟ್ರು ಕಣ್ಲಾ, ಔಟು. ಎದ್ದೋಗು, ನಿಮ್ಮಪ್ಪ ಬಂದ್ರೂ ಕೇಳಾಕಿಲ್ಲ ಅವ್ರು.”

ಕಟ್ಟಾಯ ನನ್ನ ಊರು. ಯಾರು ಏನು ಮಾಡಿದರೂ ತಪ್ಪೆನ್ನುವ ಆ ಅಂಪೈರಿಗೆ ನನ್ನ ಹೆಸರನ್ನೇ ಇಟ್ಟಿದ್ದ.

ಮುಂದಿನ ಭಾನುವಾರ ಅವನು ಊಟಕ್ಕೆ ಎದ್ದಾಗ ಕ್ಯಾಸೆಟ್ಟನ್ನು ಜೇಬಿಗಿಳಿಸಿ ಹೇಮಾವತಿ ಹೊಳೆಗೆ ಎಸೆದೆ. ಅವನು ಹುಡುಕಿ ಸೋತ ಮೇಲೆ ದೊಡ್ಡ ಮನುಷ್ಯನಂತೆ ಹಾಸನದಿಂದ ಹೊಸದೊಂದನ್ನು ತಂದುಕೊಟ್ಟೆ. ಅದರಲ್ಲಿ ಫೀಲ್ಡರು ಚೆಂಡಿನ ಹಿಂದೆಯೇ ಓಡುತ್ತಿದ್ದ, ಅಂಪೈರು ನ್ಯಾಯ ಹೇಳುತ್ತಿದ್ದ.

ಅದರಲ್ಲಿ ಸೋತವನು ನಿಜವಾಗಿಯೇ ಸೋತಿರುತ್ತಿದ್ದ. ತಪ್ಪು ಹೊರಿಸಲು ಬೇರೆ ಯಾರೂ ಇರಲಿಲ್ಲ. ಗೆದ್ದವನು ಹಂಗಿಸಿದ, ಸೋತವನು ಅವನ ಕೊರಳಪಟ್ಟಿ ಹಿಡಿದ, ಜಗಳದಲ್ಲಿ ಟೀವಿ ಒಡೆಯಿತು. ಜನ ಬರುವುದು ನಿಂತಿತು. ಅಂಗಡಿ ಮುಚ್ಚುವ ದಿನ ಅವನು ನನ್ನ ಮುಖ ನೋಡದೆ ಹೇಳಿದ: “ಆ ಆಟ ಸರಿ ಇಲ್ಲ ಅಂತ ನಂಗೂ ಗೊತ್ತಿತ್ತು ಭಾವ. ಸೋತೋರೂ ನಗ್ತಾ ಓಗೋರು. ನಾನು ಮಾರ್ತಿದ್ದಿದ್ದು ಅದ್ನೇ.”

ಕದ್ದವನು ಯಾರೆಂದು ಅವನಿಗೆ ಗೊತ್ತಿತ್ತು. ಆದರೂ ಅಕ್ಕನಿಗೆ ಹೇಳಲಿಲ್ಲ. ಆಮೇಲೆ ಚನ್ನರಾಯಪಟ್ಟಣದ ತೆಂಗಿನಕಾಯಿ ಮಂಡಿಯಲ್ಲಿ ಮೂಟೆ ಹೊತ್ತ, ಅಲ್ಲೇ ಒಂದು ಮಧ್ಯಾಹ್ನ ಕುಸಿದು ಸತ್ತ. ಹೆಣದ ಮುಂದೆ ಕೂತು ನನ್ನ ಹೆಂಡತಿ, ಒಂದು ಅಂಗಡಿ ಉಳಿಸಿಕೊಳ್ಳುವ ಯೋಗ್ಯತೆಯೂ ಇವನಿಗೆ ಇರಲಿಲ್ಲವಲ್ಲ ಎಂದು ಅತ್ತಳು. ನಾನು ಹೌದೆಂದು ತಲೆಯಾಡಿಸಿದೆ.

ಇದನ್ನು ಮೊದಲು ಓದುವವಳು ಅವಳು.